ಪುಸ್ತಕ ಹೊತ್ತು ಊರೂರು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪುಸ್ತಕ ಅಚ್ಚಾಯಿತು, ಇನ್ನು ಊರೂರು ತಿರುಗಿ ಓದುಗರನ್ನು ಕಾಣುವುದು ಹೇಗೆ? ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳೆಲ್ಲ ಇದನ್ನೇ ಕೇಳಿವೆ. ಪ್ರಕಾಶನ, ಪುಸ್ತಕ ವ್ಯಾಪಾರ, ಸಭೆ-ಸಮಾರಂಭಗಳ ಸಂಘಟನೆ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮೊದಲ ಕಥಾ ಸಂಕಲನ ಮುಂದಿನ ತಿಂಗಳು ಬರುತ್ತದೆ. 500 ಪ್ರತಿ. ಎರಡೂ ಜಿಲ್ಲೆಗಳ ಐದಾರು ಊರಿಗೆ ಹೋಗುವ ಆಸೆ. ಯಾವಾಗ, ಎಲ್ಲಿಂದ ಶುರು ಮಾಡಲಿ? (ಹರಿಹರದ ಓದುಗರು)

ಪುಸ್ತಕ ಕೈಗೆ ಬರುವ ಮೊದಲು ಆಹ್ವಾನ ಪತ್ರಿಕೆ ಅಚ್ಚು ಹಾಕಿಸಬೇಡಿ. ಮುದ್ರಣಾಲಯದವರು ಶುಕ್ರವಾರ ಕೊಡುತ್ತೇವೆ ಅಂದರೆ ಅದರ ಮುಂದಿನ ಶುಕ್ರವಾರ ಎಂದೇ ಲೆಕ್ಕ ಹಿಡಿಯಿರಿ. ಪ್ರತಿಗಳು ಬಂದ ದಿನಕ್ಕೂ ಮೊದಲ ಸಭೆಗೂ ಮೂರು ವಾರದ ಅಂತರವಿರಲಿ. ಆ ಅವಧಿಯಲ್ಲಿ ಪ್ರತಿ ಕಟ್ಟಿನಿಂದ ಒಂದೊಂದು ಪುಸ್ತಕ ತೆಗೆದು ಪುಟಸಂಖ್ಯೆ ನೋಡಿ. ಒಳಪುಟಗಳು ಸಾಮಾನ್ಯವಾಗಿ 16 ಪುಟಗಳ ಫಾರಂಗಳಾಗಿ ಅಚ್ಚಾಗುವುದರಿಂದ ತಪ್ಪೂ ಅಲ್ಲೇ ಆಗುತ್ತದೆ: ಒಂದು ಫಾರಂ ಬಿಟ್ಟುಹೋಗುವುದು, ಎರಡು ಸಲ ಸೇರುವುದು, ತಲೆಕೆಳಗಾಗಿ ಕೂರುವುದು. 16ರಿಂದ 17ಕ್ಕೆ, 32ರಿಂದ 33ಕ್ಕೆ, 48ರಿಂದ 49ಕ್ಕೆ ಹೀಗೆ ಸಂದು ನೋಡುತ್ತಾ ಹೋದರೆ ಒಂದು ನಿಮಿಷದ ಕೆಲಸ. ಒಂದು ಕಟ್ಟಿನಲ್ಲಿ ತಪ್ಪು ಸಿಕ್ಕರೆ ಆ ಕಟ್ಟನ್ನು ಪೂರ್ತಿ ಬಿಚ್ಚಿ ನೋಡಲೇಬೇಕು. ಸಭೆಯಲ್ಲಿ ಹಣ ಕೊಟ್ಟು ಕೊಂಡವರ ಕೈಗೆ ಖಾಲಿ ಪುಟದ ಪುಸ್ತಕ ಹೋದರೆ ಅವರು ನಿಮಗೆ ಹೇಳುವುದಿಲ್ಲ, ಊರಿಗೆಲ್ಲ ಹೇಳುತ್ತಾರೆ.

ಕಾಲದ ಮಾತು. ಮಾರ್ಚ್, ಏಪ್ರಿಲ್ ಬಿಡಿ. ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮೇಷ್ಟರುಗಳೆಲ್ಲ ಮುಳುಗಿರುತ್ತಾರೆ, ನಮ್ಮ ಜಿಲ್ಲೆಗಳಲ್ಲಿ ಪುಸ್ತಕ ಕೊಳ್ಳುವವರಲ್ಲಿ ಹೆಚ್ಚಿನವರು ಅವರೇ. ಮೇ ತಿಂಗಳಲ್ಲಿ ಬಿಸಿಲು ಮತ್ತು ಮದುವೆ. ಆಷಾಢವನ್ನು ಅಪಶಕುನ ಎಂದು ತಳ್ಳಬೇಡಿ. ಮದುವೆ ಇಲ್ಲದ್ದರಿಂದ ಸಭಾಂಗಣಗಳು ಖಾಲಿ ಇರುತ್ತವೆ, ಬಾಡಿಗೆಯಲ್ಲೂ ಚೌಕಾಸಿಗೆ ಅವಕಾಶವಿರುತ್ತದೆ. ಆಗಸ್ಟ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ, ಗಣೇಶನ ಹಬ್ಬ, ದಸರಾ, ದೀಪಾವಳಿಯ ವಾರಗಳನ್ನು ಬಿಟ್ಟು. ನವೆಂಬರ್ ಬಗ್ಗೆ ಮಾತ್ರ ಎಚ್ಚರ. ರಾಜ್ಯೋತ್ಸವದ ತಿಂಗಳಲ್ಲಿ ಸಭಾಂಗಣವೂ ಸಿಗದು, ಅತಿಥಿಯೂ ಸಿಗರು. ಆ ತಿಂಗಳು ಸ್ವಂತ ಸಭೆ ಮಾಡುವ ಬದಲು ಬೇರೆಯವರ ಸಭೆಗೆ ಪುಸ್ತಕ ಒಯ್ಯಿರಿ. 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಇರುತ್ತದೆ, ಗ್ರಂಥಾಲಯದವರಿಗೂ ಮಾತನಾಡುವವರು ಬೇಕಿರುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕೋತ್ಸವ ನಡೆಯುವುದೂ ನವೆಂಬರ್ ಮೊದಲ ವಾರದ ಸುಮಾರಿಗೆ. ಅಲ್ಲಿ ಸೇರುವವರು ಕೂತು ಕೇಳುವ ಜನ. ಸಂಘಟಕರ ಒಪ್ಪಿಗೆ ಪಡೆದು ಒಂದು ಮೇಜು ಹಾಕಿಕೊಳ್ಳಲು ಸಾಧ್ಯವಾದರೆ ಅದು ಮೂರು ಸಭೆಗೆ ಸಮ. ಹಾಗೆಂದು ಜನಸಂದಣಿಯೆಲ್ಲ ಒಂದೇ ಅಲ್ಲ. ನಾಯಕನಹಟ್ಟಿ ತೇರಿಗೆ ಲಕ್ಷಾಂತರ ಜನ ಬರುತ್ತಾರೆ, ಆ ದೂಳಿನಲ್ಲಿ, ಆ ನೂಕಿನಲ್ಲಿ ಕಥಾ ಸಂಕಲನ ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ಎಲ್ಲಿಂದ ಶುರು? ಸ್ವಂತ ಊರಿನ ದೊಡ್ಡ ಸಭೆಯಿಂದ ಬೇಡ. ಮೊದಲ ಸಭೆ ಇಪ್ಪತ್ತು ಮೂವತ್ತು ಜನರದ್ದಿರಲಿ, ಒಂದು ಕಾಲೇಜಿನ ಕನ್ನಡ ವಿಭಾಗ ಅಥವಾ ಓದುಗರ ಬಳಗ. ಯಾವ ಕತೆ ಓದಿದರೆ ಕೇಳುತ್ತಾರೆ, ಯಾವುದಕ್ಕೆ ಮೊಬೈಲ್ ತೆಗೆಯುತ್ತಾರೆ ಎಂಬುದು ಅಲ್ಲಿ ತಿಳಿದುಬಿಡುತ್ತದೆ. ಆಮೇಲೆ ಹರಿಹರ, ದಾವಣಗೆರೆ. ಎರಡಕ್ಕೂ ನಡುವೆ 14 ಕಿ.ಮೀ. ಅಷ್ಟೇ, ಆದರೆ ಒಂದೇ ದಿನ ಎರಡೂ ಇಟ್ಟುಕೊಳ್ಳಬೇಡಿ, ದಾವಣಗೆರೆಯವರು ಹರಿಹರಕ್ಕೂ ಹರಿಹರದವರು ದಾವಣಗೆರೆಗೂ ಹೋಗಿ ಎರಡು ಕಡೆಯೂ ಅದೇ ಮುಖಗಳಾಗುತ್ತವೆ. ನಡುವೆ ಹದಿನೈದು ದಿನ ಬಿಡಿ. ಚಿತ್ರದುರ್ಗವನ್ನು ಇನ್ನೊಂದು ವಾರಾಂತ್ಯಕ್ಕೆ ಇಟ್ಟುಕೊಂಡು ಅಲ್ಲೇ ರಾತ್ರಿ ತಂಗಿದರೆ, ಮರುದಿನ ಬೆಳಗ್ಗೆ ಚಳ್ಳಕೆರೆ ಅಥವಾ ಹಿರಿಯೂರು ಮುಗಿಸಿ ಸಂಜೆಗೆ ಮನೆ ಸೇರಬಹುದು. ದಾವಣಗೆರೆಯಿಂದ ದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ., ಬಸ್ಸುಗಳಿಗೆ ಬರವಿಲ್ಲ. ರೈಲು ಹುಡುಕಬೇಡಿ, ಚಿಕ್ಕಜಾಜೂರು ಸುತ್ತಿಕೊಂಡು ಹೋಗಬೇಕಾಗುತ್ತದೆ.

ಕಾರು ಮಾಡಿಕೊಂಡು ಹೋಗುವ ಯೋಚನೆ ಇದ್ದರೆ ಮೊದಲು ಈ ಲೆಕ್ಕ ನೋಡಿ. ಮುಖಬೆಲೆ 200 ರೂಪಾಯಿ. ಪ್ರಕಾಶಕರು ನಿಮಗೆ ಶೇ. 40 ರಿಯಾಯಿತಿಯಲ್ಲಿ 120ಕ್ಕೆ ಕೊಟ್ಟರು, ನೀವು ಸಭೆಯಲ್ಲಿ 180ಕ್ಕೆ ಮಾರಿದಿರಿ. ಪ್ರತಿಗೆ 60 ಉಳಿಯಿತು. ಇಪ್ಪತ್ತೈದು ಪ್ರತಿ ಹೋದರೆ 1,500 ರೂಪಾಯಿ. ಒಂದು ದಿನದ ಬಾಡಿಗೆ ಕಾರು, ಡೀಸೆಲ್, ಚಾಲಕರ ಊಟಕ್ಕೆ ಅದು ಸಾಲದು.

ಪ್ರಶ್ನೆ: ಒಂದು ಸಭೆಗೆ ಎಷ್ಟು ಪ್ರತಿ ಒಯ್ಯಬೇಕು? ಬಸ್ಸಿನಲ್ಲಿ ಒಯ್ದ ಪುಸ್ತಕಗಳ ಮೂಲೆಯೆಲ್ಲ ಮುದುಡಿ ಹೋದವು. (ದಾವಣಗೆರೆ ವಿದ್ಯಾನಗರದ ಓದುಗರು)

ನೂರು ಜನ ಸೇರಿದ ಸಭೆಯಲ್ಲಿ ಇಪ್ಪತ್ತು ಪ್ರತಿ ಹೋದರೆ ಒಳ್ಳೆಯ ಸಂಜೆ ಎಂದುಕೊಳ್ಳಿ. ಕಾಲೇಜಿನಲ್ಲಿ ಇನ್ನೂರು ವಿದ್ಯಾರ್ಥಿಗಳಿದ್ದರೂ ಹತ್ತು ದಾಟುವುದು ಕಷ್ಟ. ನೂರು ಜನರ ನಿರೀಕ್ಷೆಗೆ ನಲವತ್ತು ಪ್ರತಿ ಸಾಕು. ಮುಗಿದುಹೋದರೆ ಹೆಸರು, ಫೋನ್ ಬರೆಸಿಕೊಂಡು ಅಂಚೆಯಲ್ಲಿ ಕಳಿಸಬಹುದು, ಉಳಿದ ಪುಸ್ತಕವನ್ನು ಹೊತ್ತು ತರುವುದಕ್ಕಿಂತ ಅದು ಹಗುರ. 500ರಲ್ಲಿ 150ನ್ನು ಪ್ರವಾಸಕ್ಕೆ, 100ನ್ನು ಅಂಗಡಿಗಳಿಗೆ, 40ನ್ನು ವಿಮರ್ಶೆ ಮತ್ತು ಗೌರವ ಪ್ರತಿಗೆ ಎತ್ತಿಡಿ. ಉಳಿದದ್ದನ್ನು ಗ್ರಂಥಾಲಯ ಖರೀದಿ ಮತ್ತು ನೇರ ಬೇಡಿಕೆಗೆ ಮುಟ್ಟದೆ ಇಡಿ.

ಈಗ ಪೆಟ್ಟಿಗೆ. ಕತೆ-ಕಾದಂಬರಿಗಳ ಸಾಮಾನ್ಯ ಅಳತೆಯಾದ ಡೆಮಿ 1/8ರ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ತೂಕದ, ಮ್ಯಾಪ್‌ಲಿಥೋ ಎಂಬ ನುಣುಪು ಲೇಪವಿಲ್ಲದ ಕಾಗದದ 200 ಪುಟದ ಪುಸ್ತಕ ರಟ್ಟೂ ಸೇರಿ ಸುಮಾರು 235 ಗ್ರಾಂ ತೂಗುತ್ತದೆ, ಬೆನ್ನಿನ ದಪ್ಪ ಒಂದು ಸೆಂ.ಮೀ. ಆಸುಪಾಸು. ನಲವತ್ತು ಪ್ರತಿಗೆ ಒಂಬತ್ತೂವರೆ ಕಿಲೋ. ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಎತ್ತಿ ಇಳಿಸಬಲ್ಲ ಭಾರ ಇಷ್ಟೇ. ನೂರು ಪ್ರತಿಯ ಒಂದೇ ಪೆಟ್ಟಿಗೆ ಮಾಡಿದರೆ ಯಾರೋ ಅದನ್ನು ಎಳೆಯುತ್ತಾರೆ, ತಳ ಕಿತ್ತು ಬರುತ್ತದೆ.

ಮೂಲೆ ಮುದುಡುವುದು ಪೆಟ್ಟಿಗೆ ಬಿದ್ದದ್ದರಿಂದ ಎಂದು ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಕಾರಣ ಒಳಗಿನ ಸಡಿಲ. ಪುಸ್ತಕಗಳು ಪ್ರತಿ ಕುಲುಕಿಗೂ ಒಂದು ಬೆರಳು ಸರಿದು ಗೋಡೆಗೆ ಬಡಿಯುತ್ತವೆ. ಐದು ಪದರದ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ, ಒಳಅಳತೆ 30, 23, 22 ಸೆಂ.ಮೀ. ಇದ್ದರೆ ಇಪ್ಪತ್ತಿಪ್ಪತ್ತರ ಎರಡು ಸಾಲು ಪಕ್ಕಪಕ್ಕ ಮಲಗುತ್ತವೆ. ಐದೈದು ಪುಸ್ತಕಕ್ಕೊಮ್ಮೆ ಬೆನ್ನಿನ ದಿಕ್ಕು ಬದಲಿಸಿ. ಬೆನ್ನಿನ ಕಡೆ ಅಂಟಿನಿಂದಾಗಿ ಕೂದಲೆಳೆ ದಪ್ಪ ಹೆಚ್ಚು, ಎಲ್ಲ ಒಂದೇ ಕಡೆ ಬಂದರೆ ಸಾಲು ವಾಲುತ್ತದೆ. ಸಂದಿಗೆ ಮುದುಡಿದ ಖಾಕಿ ಕಾಗದ ತುಂಬಿ, ಮುಚ್ಚಳ ಹಾಕಿ ಅಲುಗಿಸಿದರೆ ಸದ್ದು ಬರಬಾರದು. ಹಳೆಯ ಪೇಪರ್ ಬೇಡ, ಅದರ ಮಸಿ ಮ್ಯಾಟ್ ಲ್ಯಾಮಿನೇಷನ್ (ಹೊಳಪಿಲ್ಲದ ಪ್ಲಾಸ್ಟಿಕ್ ಪೊರೆ) ಮಾಡಿದ ಬಿಳಿ ಮುಖಪುಟಕ್ಕೆ ಹತ್ತಿದರೆ ಹೋಗುವುದಿಲ್ಲ. ಪೆಟ್ಟಿಗೆಯ ಒಳಗೆ ಪಾಲಿಥಿನ್ ಚೀಲ ಹಾಸಿ ಅದರಲ್ಲೇ ಪುಸ್ತಕ ಜೋಡಿಸಿ ಬಾಯಿ ಮಡಚಿ. ಬಸ್ಸಿನ ಡಿಕ್ಕಿಯೊಳಗೆ ಮಳೆನೀರು, ಯಾರದ್ದೋ ಎಣ್ಣೆ ಡಬ್ಬ, ಎರಡೂ ಇರುತ್ತವೆ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ದಿನವಿಡೀ ಬಿಡಬೇಡಿ. ಬೆನ್ನಿಗೆ ಹಾಕಿದ ಅಂಟು ಕಾಯಿಸಿ ಹಚ್ಚಿದ್ದು, ಕಾವಿಗೆ ಮೆತ್ತಗಾಗುತ್ತದೆ, ಆಗ ಯಾರಾದರೂ ಪುಸ್ತಕ ಬಲವಾಗಿ ಅಗಲಿಸಿದರೆ ಹಾಳೆ ಕೈಗೇ ಬರುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ: ಮುಖಪುಟ ಮೇಲಕ್ಕೆ ಸುರುಳಿ ಏಳುತ್ತದೆ. ಲ್ಯಾಮಿನೇಷನ್ ಇರುವ ಹೊರಮೈ ತೇವ ಹೀರುವುದಿಲ್ಲ, ಒಳಮೈ ಹೀರಿ ಹಿಗ್ಗುತ್ತದೆ. ಸಭೆಯ ಹಿಂದಿನ ರಾತ್ರಿ ಸಾಲಿನ ಮೇಲೆ ಹಲಗೆ, ಅದರ ಮೇಲೆ ಭಾರ ಇಟ್ಟರೆ ಬಹುಮಟ್ಟಿಗೆ ಕೂರುತ್ತದೆ.

ಹೊತ್ತೊಯ್ಯಲು ಆಗದಿದ್ದರೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಪಾರ್ಸೆಲ್ ಸೇವೆಯಲ್ಲಿ ಎರಡು ಮೂರು ದಿನ ಮೊದಲೇ ಕಳಿಸಿ. ಪಡೆಯುವವರ ಹೆಸರು ಆ ಊರಿನ ಸಂಘಟಕರದ್ದಿರಲಿ, ನಿಮ್ಮದಲ್ಲ. ನೀವು ಸಭೆಯ ದಿನ ಹೋಗಿ ಬಿಡಿಸಿಕೊಳ್ಳುತ್ತೇನೆಂದರೆ ಅವತ್ತೇ ಕೌಂಟರ್ ಮುಂದೆ ಸಾಲು ಇರುತ್ತದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೂ ಪ್ರತಿ ಎಷ್ಟು, ಬೆಲೆ ಎಷ್ಟು ಎಂದು ಬರೆದ ಚಲನ್ ಪೆಟ್ಟಿಗೆಯೊಳಗೊಂದು, ಕೈಯಲ್ಲೊಂದು ಇರಲಿ.

ಪ್ರಶ್ನೆ: ನಮ್ಮ ಕಡೆ ಪುಸ್ತಕ ಬಿಡುಗಡೆ ಎಂದರೆ ಮೂರು ತಾಸು. ಲೇಖಕರ ಮಾತು ಬರುವಷ್ಟರಲ್ಲಿ ಮುಕ್ಕಾಲು ಜನ ಎದ್ದಿರುತ್ತಾರೆ. ಇದಕ್ಕೇನು ಮದ್ದು? (ಹೊಸದುರ್ಗದ ಓದುಗರು)

ಮದ್ದು ವೇದಿಕೆಯ ಮೇಲಿನ ಕುರ್ಚಿಗಳಲ್ಲಿದೆ. ನಾಲ್ಕಕ್ಕಿಂತ ಹೆಚ್ಚು ಹಾಕಿಸಬೇಡಿ. ಹತ್ತು ಕುರ್ಚಿ ಹಾಕಿದರೆ ಹತ್ತು ಜನ ಮಾತನಾಡುತ್ತಾರೆ, ಹತ್ತು ಜನಕ್ಕೂ ಹಾರ-ಶಾಲು ಆಗಬೇಕು, ಸನ್ಮಾನವೊಂದಕ್ಕೆ ಅರ್ಧ ಗಂಟೆ ಹೋಯಿತು. ಎಪ್ಪತ್ತೈದು ನಿಮಿಷದ ಸಭೆ ಹೀಗಿರಬಹುದು: ಸ್ವಾಗತ 5, ಬಿಡುಗಡೆ 5, ಕೃತಿ ಪರಿಚಯ 15, ಲೇಖಕರ ಓದು ಮತ್ತು ಮಾತು 20, ಸಂವಾದ 20, ಅಧ್ಯಕ್ಷರ ನುಡಿ 7, ವಂದನೆ 3. ಪ್ರಾಸ್ತಾವಿಕ ಎಂಬುದನ್ನು ತೆಗೆದೇ ಬಿಡಿ, ಸ್ವಾಗತದವರು ಹೇಳಿದ್ದನ್ನೇ ಅವರು ಇನ್ನೊಮ್ಮೆ ಹೇಳುತ್ತಾರೆ. ನಿಮಿಷಗಳನ್ನು ಆಹ್ವಾನ ಪತ್ರಿಕೆಯಲ್ಲಿ ಹಾಕಬೇಡಿ, ಭಾಷಣಕಾರರಿಗೆ ಮೊದಲೇ ಫೋನಿನಲ್ಲಿ ಹೇಳಿ, ನಿರೂಪಕರ ಕೈಗೆ ಚೀಟಿ ಕೊಡಿ.

ಕೃತಿ ಪರಿಚಯಿಸುವವರಿಗೆ ಪುಸ್ತಕ ತಲುಪಿ ಕನಿಷ್ಠ ಹದಿನೈದು ದಿನ ಆಗಿರಬೇಕು. ವೇದಿಕೆಯ ಮೇಲೆ ಪ್ಯಾಕೆಟ್ ಬಿಚ್ಚಿದ ಮೇಲೆ ಮೊದಲ ಸಲ ಪುಸ್ತಕ ನೋಡುವವರು ಮುನ್ನುಡಿಯನ್ನೇ ಓದಿ ಕೂರುತ್ತಾರೆ. ಹಾಗೆಯೇ ಕೊನೆಯ ಕತೆಯ ತಿರುವನ್ನು ಬಿಟ್ಟುಕೊಡಬೇಡಿ ಎಂದು ಸಂಕೋಚವಿಲ್ಲದೆ ಕೇಳಿಕೊಳ್ಳಿ.

ಜನಪ್ರತಿನಿಧಿಗಳನ್ನು ಕರೆಯುವುದು ಬಿಡುವುದು ನಿಮ್ಮಿಷ್ಟ. ಸರ್ಕಾರಿ ಇಲಾಖೆ ನಡೆಸುವ ಸಭೆಗೆ ಶಿಷ್ಟಾಚಾರದ ಪಟ್ಟಿ ಇರುತ್ತದೆ, ಖಾಸಗಿ ಸಭೆಗೆ ಅದಿಲ್ಲ. ಕರೆದರೆ ಅವರಿಂದಲೇ ಬಿಡುಗಡೆ ಎಂದು ಅಚ್ಚು ಹಾಕಿಸಬೇಡಿ. ಅವರು ಒಂದು ತಾಸು ತಡವಾದರೆ ಸಭೆಯೂ ಒಂದು ತಾಸು ತಡ. ಬಿಡುಗಡೆಯನ್ನು ಊರಿನ ಹಿರಿಯ ಮೇಷ್ಟರಿಂದಲೋ ಗ್ರಂಥಪಾಲಕರಿಂದಲೋ ಮಾಡಿಸಿ, ಉಳಿದವರು ಬಂದಾಗ ಬಂದು ಶುಭ ಕೋರಲಿ. ಹಾರ, ಹಣ್ಣಿನ ಬುಟ್ಟಿಗೆ ಇಟ್ಟ ಹಣದಲ್ಲಿ ಸಂಘಟಕರು ಹತ್ತು ಪ್ರತಿ ಕೊಂಡು ಊರಿನ ಅರಿವು ಕೇಂದ್ರಕ್ಕೂ (ಗ್ರಾಮ ಪಂಚಾಯಿತಿ ಗ್ರಂಥಾಲಯ) ಶಾಲೆಗೂ ಕೊಟ್ಟರೆ ನಿಮ್ಮ ಲೆಕ್ಕವೂ ಸರಿ, ಅವರ ಗೌರವವೂ ಸರಿ.

ಸಭಾಂಗಣ ಚಿಕ್ಕದನ್ನೇ ಹಿಡಿಯಿರಿ. ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಿ ಐವತ್ತು ಜನ ಕೂತರೆ ಯಾರೂ ಬಂದಿಲ್ಲವೇನೋ ಅನಿಸುತ್ತದೆ, ಅದೇ ಐವತ್ತು ಜನ ಗ್ರಂಥಾಲಯದ ಓದುಕೋಣೆಯಲ್ಲಿ ತುಂಬಿದ ಸಭೆ. ದಾವಣಗೆರೆಯ ಕುವೆಂಪು ಕನ್ನಡ ಭವನದಂಥ ಜಾಗ ಸಾಹಿತ್ಯದ ಜನಕ್ಕೆ ದಾರಿ ಗೊತ್ತಿರುವ ಜಾಗ, ಅದೂ ಒಂದು ಲಾಭ. ಕಾಯ್ದಿರಿಸುವ ಮೊದಲು ಕೇಳಬೇಕಾದ್ದು: ಬಾಡಿಗೆಯಲ್ಲಿ ಮೈಕ್ ಸೇರಿದೆಯೇ, ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ, ಕರೆಂಟ್ ಹೋದರೆ ಜನರೇಟರ್ ಇದೆಯೇ, ವಯಸ್ಸಾದವರಿಗೆ ಮೆಟ್ಟಿಲೆಷ್ಟು. ಚುನಾವಣೆ ಸಮೀಪವಿದ್ದರೆ ಇನ್ನೊಂದು ಪ್ರಶ್ನೆ. ನೀತಿ ಸಂಹಿತೆ ಜಾರಿಯಾದ ಮೇಲೆ ಸರ್ಕಾರಿ ಕಟ್ಟಡದ ಕಾಯ್ದಿರಿಸುವಿಕೆ ರದ್ದಾಗಬಹುದು, ಅನುಮತಿಗೆ ಓಡಾಟವೂ ಹೆಚ್ಚು. ಅಂಥ ತಿಂಗಳಲ್ಲಿ ಖಾಸಗಿ ಜಾಗವೇ ವಾಸಿ.

ಮಾರಾಟದ ಮೇಜು ವೇದಿಕೆ ಪಕ್ಕ ಬೇಡ, ಬಾಗಿಲ ಬಳಿ ಇರಲಿ. ಅಲ್ಲಿ ಕೂರುವುದು ಲೇಖಕರಲ್ಲ, ಲೇಖಕರ ಮನೆಯವರೂ ಅಲ್ಲದಿದ್ದರೆ ಒಳ್ಳೆಯದು, ಅವರು ಬಂದವರಿಗೆಲ್ಲ ಹಾಗೇ ತಗೊಳ್ಳಿ ಅನ್ನುತ್ತಾರೆ. ಕ್ಯೂಆರ್ ಕೋಡನ್ನು ಅಂಗೈಗಿಂತ ದೊಡ್ಡದಾಗಿ ಅಚ್ಚು ಹಾಕಿಸಿ ನಿಲ್ಲಿಸಿ, ನೆಲಮಾಳಿಗೆಯ ಸಭಾಂಗಣದಲ್ಲಿ ಸಿಗ್ನಲ್ ಬರುತ್ತದೆಯೇ ಎಂದು ಹಿಂದಿನ ದಿನವೇ ನೋಡಿ. ಸಭೆಯ ಬೆಲೆ 150, 180 ಅಥವಾ 200 ಹೀಗೆ ಇರಲಿ, 185 ಎಂದರೆ ಚಿಲ್ಲರೆ ಹುಡುಕುವಾಗ ಹಿಂದಿದ್ದವರು ಹೊರಟುಹೋಗುತ್ತಾರೆ. ಮತ್ತೆ, ಮಿರ್ಚಿ-ಮಂಡಕ್ಕಿ ಇಲ್ಲದೆ ದಾವಣಗೆರೆ ಸೀಮೆಯ ಸಭೆ ಮುಗಿಯದಷ್ಟೇ, ಆದರೆ ತಿಂಡಿಯ ತಟ್ಟೆಗಿಂತ ಮೊದಲು ಪುಸ್ತಕದ ಮೇಜು ಸಿಗುವಂತೆ ಜೋಡಿಸಿ. ಮ್ಯಾಟ್ ಮುಖಪುಟದ ಮೇಲೆ ಎಣ್ಣೆ ಬೆರಳು ಕೂತರೆ ಆ ಪ್ರತಿಯನ್ನು ಮತ್ಯಾರೂ ಮುಟ್ಟುವುದಿಲ್ಲ.

ಪ್ರಶ್ನೆ: ಓದುವಾಗ ಜನ ಬೇಸರಪಟ್ಟುಕೊಳ್ಳುತ್ತಾರೆ. ಎಷ್ಟು ಓದಬೇಕು, ಹೇಗೆ ಓದಬೇಕು? (ಚಳ್ಳಕೆರೆಯ ಓದುಗರು)

ಎಂಟರಿಂದ ಹತ್ತು ನಿಮಿಷ. ಡೆಮಿ ಪುಟವೊಂದನ್ನು ಸಭೆಗೆ ತಕ್ಕ ನಿಧಾನದಲ್ಲಿ ಓದಲು ಎರಡರಿಂದ ಎರಡೂವರೆ ನಿಮಿಷ ಬೇಕು. ಅಂದರೆ ನಾಲ್ಕು ಪುಟ. ಮನೆಯಲ್ಲಿ ಮನಸ್ಸಿನೊಳಗೆ ಓದಿ ಲೆಕ್ಕ ಹಾಕಿದರೆ ನಿಜವಾಗಿ ಬೇಕಾಗುವ ಹೊತ್ತಿನ ಅರ್ಧವೂ ಬರುವುದಿಲ್ಲ, ಗಟ್ಟಿಯಾಗಿ ಓದಿ ಗಡಿಯಾರ ನೋಡಿ.

ಪುಸ್ತಕ ಹಿಡಿದು ಓದಬೇಡಿ. ಓದುವ ಭಾಗವನ್ನು 16 ಪಾಯಿಂಟ್ ಅಕ್ಷರದಲ್ಲಿ, ಹಾಳೆಯ ಒಂದೇ ಮಗ್ಗುಲಿಗೆ ಪ್ರಿಂಟ್ ತೆಗೆಯಿರಿ, ವಾಕ್ಯ ಹಾಳೆಯ ಕೊನೆಯಲ್ಲಿ ತುಂಡಾಗದಂತೆ. ಕತೆಯನ್ನು ಮೊದಲಿನಿಂದ ಓದಬೇಕೆಂಬ ನಿಯಮವಿಲ್ಲ. ಇಬ್ಬರು ಮಾತನಾಡುವ ಜಾಗ, ಒಂದೇ ಸ್ಥಳ, ಮೂರಕ್ಕಿಂತ ಹೆಚ್ಚು ಹೆಸರುಗಳಿಲ್ಲದ ಭಾಗ ಆರಿಸಿ. ಕೇಳುವವರು ಹಿಂದಿನ ಪುಟ ತಿರುವಿ ನೋಡಲಾರರು. ಉದ್ದ ವರ್ಣನೆಯಿದ್ದರೆ ಸಭೆಯ ಪ್ರತಿಯಲ್ಲಿ ಕತ್ತರಿಸಿ, ಯಾರೂ ಪುಸ್ತಕ ಹಿಡಿದು ತಾಳೆ ನೋಡುವುದಿಲ್ಲ. ಚಳ್ಳಕೆರೆ ಕಡೆಯ ಆಡುಮಾತು ಕತೆಯಲ್ಲಿದ್ದರೆ ಅದನ್ನು ಆಡುವ ಹಾಗೆಯೇ ಓದಿ. ಬರೆದದ್ದು ಆಡುಮಾತು, ಓದುವುದು ರೇಡಿಯೊ ವಾರ್ತೆಯಂತೆ ಆದರೆ ಎರಡೂ ಕೆಟ್ಟವು.

ಮೈಕನ್ನು ಬಾಯಿಗೆ ನೇರ ಹಿಡಿಯದೆ ಒಂದು ಗೇಣು ಕೆಳಗೆ, ಸ್ವಲ್ಪ ಓರೆಗೆ ಹಿಡಿಯಿರಿ. ನೇರ ಹಿಡಿದರೆ ಪ, ಫ, ಭ ಅಕ್ಷರಗಳಿಗೆಲ್ಲ ಗಾಳಿ ಗುದ್ದಿ ದಬ್ ದಬ್ ಎನ್ನುತ್ತದೆ. ಹಾಳೆ ತಿರುಗಿಸುವ ಕೈಯಲ್ಲೇ ಮೈಕ್ ಇದ್ದರೆ ಆ ಸದ್ದೂ ಸಭೆಗೆಲ್ಲ ಕೇಳುತ್ತದೆ, ಸ್ಟ್ಯಾಂಡ್ ಕೇಳಿ ಪಡೆಯಿರಿ.

ಪ್ರಶ್ನೆ: ಪುಸ್ತಕದಂಗಡಿಗಳು ಎಷ್ಟು ಕಮಿಷನ್ ಕೇಳುತ್ತವೆ? ಕೊಟ್ಟ ಪ್ರತಿಗಳ ಲೆಕ್ಕವೇ ಸಿಗುತ್ತಿಲ್ಲ. (ಚಿತ್ರದುರ್ಗದ ಓದುಗರು)

ಅಂಗಡಿಗೆ ಶೇ. 30ರಿಂದ 40, ವಿತರಕರ ಮೂಲಕ ಹೋದರೆ ಶೇ. 50ರವರೆಗೂ ಕೇಳುವುದುಂಟು. ದುಬಾರಿ ಎಂದು ಸಿಟ್ಟಾಗಬೇಡಿ, ಅಂಗಡಿಯ ಬಾಡಿಗೆ, ಕೆಲಸದವರ ಸಂಬಳ ಅದರೊಳಗೇ ಬರಬೇಕು. ಲೆಕ್ಕ ಸಿಗದಿರುವುದಕ್ಕೆ ಕಾರಣ ಕೊಡುವಾಗ ಬರೆಸಿಕೊಳ್ಳದಿರುವುದು. ಎರಡು ಪ್ರತಿಯ ಚಲನ್ ಮಾಡಿ: ದಿನಾಂಕ, ಪ್ರತಿಗಳ ಸಂಖ್ಯೆ, ಮುಖಬೆಲೆ, ರಿಯಾಯಿತಿ, ಮಾರದಿದ್ದರೆ ವಾಪಸು ಎಂಬ ಮಾತು, ಲೆಕ್ಕ ನೋಡುವ ದಿನ. ತೊಂಬತ್ತು ದಿನ ಸಾಕು. ಅಂಗಡಿಯ ಮೊಹರು, ಸಹಿ ಬಿದ್ದ ಪ್ರತಿ ನಿಮ್ಮಲ್ಲಿರಲಿ. ಇಲ್ಲದಿದ್ದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಮೊದಲ ಸಲ ಐದು, ಹೆಚ್ಚೆಂದರೆ ಹತ್ತು ಪ್ರತಿ ಕೊಡಿ. ಐವತ್ತು ಕೊಟ್ಟರೆ ಅವು ಕಟ್ಟು ಬಿಚ್ಚದೆ ಮೂಲೆ ಸೇರಿ, ಆರು ತಿಂಗಳ ಮೇಲೆ ಬೆನ್ನು ಬಣ್ಣಗೆಟ್ಟು ವಾಪಸು ಬರುತ್ತವೆ. ನಿಮ್ಮ ಸಭೆ ಆ ಊರಿನಲ್ಲಿ ಇರುವ ವಾರದಲ್ಲೇ ಅಂಗಡಿಗೆ ಪ್ರತಿ ತಲುಪಿಸಿ. ಸಭೆಗೆ ಬರಲಾಗದವರು ಕೇಳುವುದು ಆ ನಾಲ್ಕು ದಿನ ಮಾತ್ರ. ಸಭೆಯ ಮಾರಾಟವನ್ನೇ ಆ ಅಂಗಡಿಯವರಿಗೆ ಒಪ್ಪಿಸುವುದೂ ಒಂದು ದಾರಿ. ಕಮಿಷನ್ ಹೋಗುತ್ತದೆ, ಬದಲಿಗೆ ಬಿಲ್, ಚಿಲ್ಲರೆ, ಮೇಜಿನ ಚಿಂತೆ ತಪ್ಪಿ ಅಂಗಡಿಯೊಂದು ನಿಮ್ಮದಾಗುತ್ತದೆ.

ಪ್ರಶ್ನೆ: ಕಾಲೇಜಿನವರು ಕರೆಯುತ್ತಾರೆ, ಪ್ರಯಾಣ ಭತ್ಯೆಯೂ ಇಲ್ಲ, ಪುಸ್ತಕವೂ ಮಾರಾಟವಾಗುವುದಿಲ್ಲ. ಹೋಗಬೇಕೇ? (ಚನ್ನಗಿರಿಯ ಓದುಗರು)

ಹೋಗಿ, ಆದರೆ ಬೇಕಾದ್ದನ್ನು ಮೊದಲೇ ಕೇಳಿ. ಕಾಲೇಜಿಗೂ ನಿಮ್ಮಿಂದ ಒಂದು ಅಗತ್ಯವಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ಕಡತಕ್ಕೆ ಅವರಿಗೆ ಇಂಥ ಕಾರ್ಯಕ್ರಮದ ವರದಿ, ಹಾಜರಿ ಪಟ್ಟಿ, ಸ್ಥಳದ ಗುರುತಿರುವ ಫೋಟೊ ಬೇಕು. ಹಾಗಾಗಿ ಕರೆಯುವ ಮನಸ್ಸು ಇದ್ದೇ ಇರುತ್ತದೆ. ನೀವು ಕೇಳಬೇಕಾದ್ದು ಭತ್ಯೆಯ ಜೊತೆಗೆ ಗ್ರಂಥಾಲಯಕ್ಕೆ ಐದು ಪ್ರತಿ. ವಿದ್ಯಾರ್ಥಿಗಳ ಜೇಬಿನಿಂದ 200 ರೂಪಾಯಿ ನಿರೀಕ್ಷಿಸುವುದು ನ್ಯಾಯವಲ್ಲ, ಗ್ರಂಥಾಲಯಕ್ಕೆ ಅದಕ್ಕೆಂದೇ ಅನುದಾನವಿರುತ್ತದೆ. ಮಾರ್ಚ್ ಅಂತ್ಯಕ್ಕೆ ಮೊದಲು ಖರ್ಚು ತೋರಿಸಬೇಕಾದ್ದರಿಂದ ಜನವರಿ, ಫೆಬ್ರುವರಿಯಲ್ಲಿ ಗ್ರಂಥಪಾಲಕರು ನಿಮ್ಮ ಮಾತು ಬೇಗ ಕೇಳುತ್ತಾರೆ. ಬಿಲ್ ಪ್ರಕಾಶಕರ ಹೆಸರಿನಲ್ಲಿ, ಪ್ರಾಂಶುಪಾಲರಿಗೆ ಬರೆದದ್ದಾಗಿರಬೇಕು. ಲೇಖಕರು ಬಿಳಿ ಹಾಳೆಯಲ್ಲಿ ಕೊಟ್ಟ ರಸೀದಿ ಲೆಕ್ಕಪರಿಶೋಧನೆಯಲ್ಲಿ ನಿಲ್ಲುವುದಿಲ್ಲ, ಹಣ ತಡವಾಗುವುದು ಇಲ್ಲೇ.

ಹೊತ್ತು ಬೆಳಗ್ಗೆ 11ರ ಒಳಗಿರಲಿ. ಮಧ್ಯಾಹ್ನದ ಮೇಲೆ ಹಳ್ಳಿ ಬಸ್ಸು ಹಿಡಿಯುವ ಮಕ್ಕಳು ಕಾಲೇಜಿನಲ್ಲಿ ಉಳಿಯುವುದಿಲ್ಲ.

ಪ್ರಶ್ನೆ: ಹಸ್ತಾಕ್ಷರ ಹಾಕುವಾಗ ಮಸಿ ಹರಡುತ್ತದೆ. ಇನ್ನು ಗೌರವ ಪ್ರತಿ ಕೇಳುವವರಿಗೆ ಏನು ಹೇಳುವುದು? (ಹಿರಿಯೂರಿನ ಓದುಗರು)

ಮುಖಪುಟದ ಒಳಬದಿಯ ನುಣುಪು ರಟ್ಟಿನ ಮೇಲೆ ಬರೆಯಬೇಡಿ, ಜೆಲ್ ಪೆನ್ನಿನ ಮಸಿ ಅಲ್ಲಿ ಹೀರದೆ ನಿಂತು ಎದುರು ಪುಟಕ್ಕೆ ಅಚ್ಚಾಗುತ್ತದೆ. ಶೀರ್ಷಿಕೆ ಮಾತ್ರ ಇರುವ ಮೊದಲ ಹಾಳೆ ಮ್ಯಾಪ್‌ಲಿಥೋ ಆಗಿರುವುದರಿಂದ ಕೂಡಲೇ ಒಣಗುತ್ತದೆ. ಹೆಸರು ಬರೆಯುವ ಮೊದಲು ಒಂದು ಚೀಟಿಯಲ್ಲಿ ಅವರಿಂದಲೇ ಬರೆಸಿಕೊಳ್ಳಿ. ಶ್ರುತಿಯೋ ಶೃತಿಯೋ, ಗಿರೀಶನೋ ಗಿರಿಶನೋ ಎಂಬುದು ಕಿವಿಗೆ ತಿಳಿಯುವುದಿಲ್ಲ, ತಪ್ಪಾದ ಪ್ರತಿ ಯಾರ ಉಪಯೋಗಕ್ಕೂ ಬರುವುದಿಲ್ಲ.

ಗೌರವ ಪ್ರತಿಗೆ ಸಂಖ್ಯೆ ಮೊದಲೇ ಗೊತ್ತುಮಾಡಿ, ಪಟ್ಟಿ ಬರೆದಿಡಿ: ಮುನ್ನುಡಿ ಬರೆದವರು, ಕೃತಿ ಪರಿಚಯಿಸುವವರು, ವಿಮರ್ಶೆಗೆ ಪತ್ರಿಕೆಗಳು, ಕರಡು ತಿದ್ದಿದವರು. ಮಿಕ್ಕವರಿಗೆ ಪ್ರತಿಗಳು ಪ್ರಕಾಶಕರದ್ದು, ಮೇಜಿನಲ್ಲಿ ರಿಯಾಯಿತಿಗೆ ಸಿಗುತ್ತದೆ ಎಂದು ನಗುತ್ತಾ ಹೇಳಿ. ನಿಜವೂ ಹೌದು.

ಪ್ರಶ್ನೆ: ನನ್ನದು ದುರ್ಗದ ಪಾಳೆಯಗಾರರ ಕಾಲದ ಕಾದಂಬರಿ. ಚಿತ್ರದುರ್ಗದಲ್ಲೇ ಸಭೆ. ತಕರಾರಿನ ಪ್ರಶ್ನೆ ಬಂದರೆ? (ಹೊಳಲ್ಕೆರೆಯ ಓದುಗರು)

ಬಂದೇ ಬರುತ್ತದೆ. ಒನಕೆ ಓಬವ್ವನ ಕಿಂಡಿಯನ್ನು ಬಾಲ್ಯದಿಂದ ನೋಡಿದವರ ಊರು ಅದು, ಪ್ರತಿಯೊಬ್ಬರಿಗೂ ಅಜ್ಜಿ ಹೇಳಿದ ಒಂದು ಪಾಠವಿದೆ. ಮೂರು ಪಟ್ಟಿ ಮಾಡಿಕೊಂಡು ಹೋಗಿ: ದಾಖಲೆಯಲ್ಲಿರುವುದು, ಜನರ ಬಾಯಲ್ಲಿರುವುದು, ನೀವು ಕಟ್ಟಿದ್ದು. ಹೈದರಾಲಿಯ ಕೈಗೆ ದುರ್ಗ ಹೋದದ್ದು 1779ರಲ್ಲಿ ಎಂಬುದು ಮೊದಲ ಪಟ್ಟಿಗೆ ಸೇರಿದ್ದು, ಅದರಲ್ಲಿ ಒಂದು ವರ್ಷ ತಪ್ಪಿದರೂ ಸಭೆ ಕೈಬಿಟ್ಟುಹೋಗುತ್ತದೆ. ಮೂರನೆಯ ಪಟ್ಟಿಯದ್ದನ್ನು ಕೇಳಿದರೆ ಅದು ನನ್ನ ಕಲ್ಪನೆ ಎಂದು ಒಂದೇ ವಾಕ್ಯದಲ್ಲಿ ಹೇಳಿ, ಸಮರ್ಥನೆಗೆ ಇಳಿಯಬೇಡಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡುವ ಪದ್ಧತಿ ಇಟ್ಟರೆ ಪ್ರಶ್ನೆಯ ಹೆಸರಿನಲ್ಲಿ ನಡೆಯುವ ಭಾಷಣ ತಪ್ಪುತ್ತದೆ.

ಪ್ರಶ್ನೆ: ಪ್ರಚಾರಕ್ಕೆ ಹಣವಿಲ್ಲ. ಜನ ಬರುವಂತೆ ಮಾಡುವುದು ಹೇಗೆ? (ಜಗಳೂರಿನ ಓದುಗರು)

ಹಣ ಬೇಡ, ದಿನ ಎಣಿಸಿ ಕೆಲಸ ಮಾಡಬೇಕು. ಆಕಾಶವಾಣಿ ಚಿತ್ರದುರ್ಗ ಕೇಂದ್ರಕ್ಕೆ ಪುಸ್ತಕದ ಜೊತೆ ಪತ್ರ ಬರೆಯುವುದಿದ್ದರೆ ಒಂದು ತಿಂಗಳು ಮೊದಲು, ಅವರ ಧ್ವನಿಮುದ್ರಣದ ಪಟ್ಟಿ ಮುಂಚೆಯೇ ತುಂಬಿರುತ್ತದೆ. ಪತ್ರಿಕೆಗಳಿಗೆ ಮೂರು ದಿನ ಮೊದಲು, ಒಂದೇ ಪುಟ, 150 ಪದ ಮೀರದಂತೆ: ಏನು, ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾರು. ಜನತಾವಾಣಿಯಂಥ ಊರ ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು ದಾವಣಗೆರೆಯ ಸಭೆಗೆ ಕರೆತರುವಷ್ಟು ಜನರನ್ನು ಬೆಂಗಳೂರಿನ ದೊಡ್ಡ ವಿಮರ್ಶೆ ಕರೆತರುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಜೊತೆಗೆ ಪಿಡಿಎಫ್ ಇರಲಿ. ಅಕ್ಷರ ಬದಲಿಸುವಾಗ ಒತ್ತಕ್ಷರ ಕೆಟ್ಟರೆ ನೋಡಿ ತಿದ್ದಲು ಅದು ಬೇಕು. ಸಭೆ ಮುಗಿದ ಸಂಜೆಯೇ ಫೋಟೊ ಕಳಿಸಿ, ಎಡದಿಂದ ಯಾರ್ಯಾರು ಎಂದು ಬರೆದು. ಮರುದಿನ ಮಧ್ಯಾಹ್ನ ಕಳಿಸಿದ ಸುದ್ದಿ ಕಸದ ಬುಟ್ಟಿಗೆ.

ವಾಟ್ಸ್‌ಆ್ಯಪ್‌ಗೆ ಬಣ್ಣದ ಆಹ್ವಾನ ಚಿತ್ರ ಒಂದನ್ನೇ ಹಾಕಬೇಡಿ, ಕೆಳಗೆ ಅಕ್ಷರದಲ್ಲೂ ದಿನ, ಹೊತ್ತು, ಜಾಗ ಬರೆಯಿರಿ. ಹುಡುಕಿದಾಗ ಸಿಗುವುದು ಅಕ್ಷರ, ಚಿತ್ರವಲ್ಲ. ದಾವಣಗೆರೆಯಲ್ಲಾದರೆ ಜಯದೇವ ವೃತ್ತದಿಂದ ಹೇಗೆ ಬರಬೇಕು ಎಂಬ ಒಂದು ಸಾಲು ನಕ್ಷೆಯ ಕೊಂಡಿಗಿಂತ ಉಪಯೋಗ. ಹತ್ತು ದಿನ ಮೊದಲು ಒಮ್ಮೆ, ಎರಡು ದಿನ ಮೊದಲು ಒಮ್ಮೆ, ಅವತ್ತು ಬೆಳಗ್ಗೆ ಒಮ್ಮೆ ಸಾಕು. ಉಳಿದ ಶ್ರಮವನ್ನು ಐವತ್ತು ಫೋನ್ ಕರೆಗೆ ಇಡಿ. ಹೆಸರು ಹಿಡಿದು ಕರೆದವರು ಬರುತ್ತಾರೆ.

ಪ್ರಶ್ನೆ: ಸಭೆಯಲ್ಲಿ ಬೇಡಿಕೆ ಕೊಟ್ಟವರಿಗೆ ಕಡಿಮೆ ಖರ್ಚಿನಲ್ಲಿ ಪುಸ್ತಕ ಕಳಿಸುವುದು ಹೇಗೆ? (ಹೊನ್ನಾಳಿಯ ಓದುಗರು)

ಪುಸ್ತಕ ಕಳಿಸಲೆಂದೇ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಸೇವೆ 2025ರ ಮೇ 1ರಿಂದ ಇದೆ. ಆರಂಭದಲ್ಲಿ ಗೊತ್ತುಮಾಡಿದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನಿಮ್ಮ 235 ಗ್ರಾಂ ಪುಸ್ತಕ ಕವರು ಸೇರಿಯೂ ಮೊದಲ ಹಂತದಲ್ಲೇ ಬರುತ್ತದೆ, ದಪ್ಪ ರಟ್ಟು ಹಾಕಿ 300 ದಾಟಿಸಬೇಡಿ. ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದಲ್ಲಿರಬೇಕು, ಜಾಹೀರಾತಿನ ಹಾಳೆ ಒಳಗೆ ತುರುಕಬಾರದು. ನೆಲದ ದಾರಿಯಲ್ಲಿ ಹೋಗುವುದರಿಂದ ನಿಧಾನ, ವಾರ ಹಿಡಿಯಬಹುದು ಎಂದು ಕೊಂಡವರಿಗೆ ಹೇಳಿಬಿಡಿ. ಅವಸರವಿದ್ದವರಿಗೆ ಸ್ಪೀಡ್ ಪೋಸ್ಟ್, ಖರ್ಚು ಅವರದ್ದು. ಯಾವುದರಲ್ಲೇ ಕಳಿಸಿದರೂ ಪುಸ್ತಕವನ್ನು ಮೊದಲು ತೆಳು ಪಾಲಿಥಿನ್‌ನಲ್ಲಿ ಸುತ್ತಿ, ವಿಳಾಸದಲ್ಲಿ ಪಿನ್‌ಕೋಡ್ ಮತ್ತು ಫೋನ್ ಸಂಖ್ಯೆ ದಪ್ಪಗೆ ಬರೆದು, ರಸೀದಿಯ ಫೋಟೊ ಅವರಿಗೆ ಅವತ್ತೇ ಕಳಿಸಿ.